ಪೋಕರ್‌ನಲ್ಲಿ ಕ್ಯಾಶ್ ಟೇಬಲ್ಲೋ ಟೂರ್ನಿಯೋ? ವಾರಕ್ಕೆ ಆರು ಗಂಟೆ ಮಾತ್ರ ಇರುವವರಿಗೆ ಯಾವುದು ಸರಿ?

ತುಂಗಾತೀರ (ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ) ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವನು, ಒಂಬತ್ತು ವರ್ಷಗಳಿಂದ ಇಲ್ಲಿದ್ದೇನೆ. ಹಬ್ಬದ ರಾತ್ರಿಗಳಲ್ಲಿ ಚಿಕ್ಕಪ್ಪಂದಿರ ಜೊತೆ ರಮ್ಮಿ ಆಡಿ ಬೆಳೆದವನಿಗೆ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಟೆಕ್ಸಾಸ್ ಹೋಲ್ಡೆಮ್ ಎಂಬ ಪೋಕರ್ ಆಟದ (ಪ್ರತಿಯೊಬ್ಬರಿಗೆ ಎರಡು ಗುಟ್ಟಿನ ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ) ಪರಿಚಯವಾಯಿತು, ಮತ್ತು ಕಳೆದ ಒಂದು ವರ್ಷದಿಂದ ನಮ್ಮ ಊರಿನ ಪರವಾನಗಿ ಪಡೆದ ಕಾರ್ಡ್ ರೂಮಿಗೆ ಶನಿವಾರಗಳಂದು ಹೋಗುತ್ತಿದ್ದೇನೆ. ಇದಕ್ಕೆಂದೇ 6,000 ಡಾಲರ್ ಬೇರೆ ಇಟ್ಟಿದ್ದೇನೆ. ಅದು ಪೂರ್ತಿ ಹೋದರೂ ಮನೆಯ ಕಂತಿಗಾಗಲಿ ಮಗಳ ಶಾಲೆಗಾಗಲಿ ತೊಂದರೆಯಾಗದು. ಈ ಮೊತ್ತ ಹೆಂಡತಿಗೂ ಗೊತ್ತಿದೆ.

ಈವರೆಗೆ 14 ಟೂರ್ನಿಗಳನ್ನು, ಎಂದರೆ ಒಮ್ಮೆ ಶುಲ್ಕ ಕಟ್ಟಿ ಚಿಪ್ (ಪಣದ ಬಿಲ್ಲೆ) ಮುಗಿಯುವವರೆಗೆ ಆಡುವ, ಕೊನೆಯವರೆಗೆ ಉಳಿದ ಕೆಲವರಿಗೆ ಬಹುಮಾನ ಸಿಗುವ ಆಟಗಳನ್ನು ಆಡಿದ್ದೇನೆ. ಪ್ರವೇಶ ಶುಲ್ಕ 150 ಡಾಲರ್. ಅದರಲ್ಲಿ 120 ಬಹುಮಾನದ ಮೊತ್ತಕ್ಕೆ ಸೇರುತ್ತದೆ, 30 ಡಾಲರ್ ಕಾರ್ಡ್ ರೂಮಿನವರ ಪಾಲು. ಸಾಮಾನ್ಯವಾಗಿ 200 ಜನ ಇರುತ್ತಾರೆ. ಒಮ್ಮೆ ಮೂರನೆಯ ಸ್ಥಾನ ಬಂದು 2,400 ಡಾಲರ್, ಎರಡು ಬಾರಿ ತಲಾ 300 ಡಾಲರ್ ದೊರೆತವು, ಉಳಿದ 11 ಸಲ ಬರಿಗೈ. ಖರ್ಚು ಕಳೆದರೆ 900 ಡಾಲರ್ ಲಾಭ. ಚಿಪ್ಪಿಗೆ ನೇರವಾಗಿ ಹಣದ ಬೆಲೆಯಿರುವ, ಬೇಕೆಂದಾಗ ಎದ್ದು ಬರಬಹುದಾದ ಕ್ಯಾಶ್ ಟೇಬಲ್ಲಿನಲ್ಲಿ 1 ಮತ್ತು 3 ಡಾಲರ್ ಬ್ಲೈಂಡ್‌ಗಳ (ಎಲೆ ನೋಡುವ ಮೊದಲೇ ಇಬ್ಬರು ಸರದಿಯಂತೆ ಕಟ್ಟಲೇಬೇಕಾದ ಪಣಗಳ) ಆಟವನ್ನು ಸುಮಾರು 60 ಗಂಟೆ ಆಡಿ 700 ಡಾಲರ್ ಕಳೆದುಕೊಂಡಿದ್ದೇನೆ.

ಈ ಲೆಕ್ಕ ನೋಡಿದರೆ ನನಗೆ ಟೂರ್ನಿಯೇ ಒಗ್ಗುತ್ತದೆ ಎಂದು ತೋರುತ್ತದೆ. ಆದರೆ ಟೇಬಲ್ಲಿನಲ್ಲಿ ಪರಿಚಯವಾದ ಹಿರಿಯರೊಬ್ಬರು "ಕಲಿಯುವ ಮನಸ್ಸಿದ್ದರೆ ಕ್ಯಾಶ್ ಆಡು" ಎಂದರು, ಕಾರಣ ಮಾತ್ರ ಹೇಳಲಿಲ್ಲ. ಇದರಿಂದ ಜೀವನ ನಡೆಸುವ ಆಸೆ ನನಗಿಲ್ಲ. ಚೆನ್ನಾಗಿ ಆಡುವುದನ್ನು ಕಲಿಯಬೇಕು, ನಿಜವಾಗಿಯೂ ಚೆನ್ನಾಗಿ ಆಡುತ್ತಿದ್ದೇನೆಯೇ ಎಂಬುದು ನನಗೇ ತಿಳಿಯಬೇಕು. ಎರಡನ್ನೂ ಆಡಿ ಅನುಭವವಿರುವವರು ದಯವಿಟ್ಟು ತಿಳಿಸಿ.

ಎಣಿಕೆಗಾರ (ಡೇವಿಸ್, ಕ್ಯಾಲಿಫೋರ್ನಿಯಾ) ಅವರ ಉತ್ತರ:

ನಾನು ಸಂಖ್ಯಾಶಾಸ್ತ್ರ ಕಲಿಸುವವನು, ಪೋಕರ್ ನನ್ನ ಬಹುಕಾಲದ ಹವ್ಯಾಸ. ನಿಮ್ಮ 14 ಟೂರ್ನಿಗಳ ಲಾಭವಾಗಲಿ 60 ಗಂಟೆಗಳ ನಷ್ಟವಾಗಲಿ ನಿಮ್ಮ ಆಟದ ಮಟ್ಟವನ್ನು ಕುರಿತು ಇನ್ನೂ ಏನನ್ನೂ ಹೇಳುತ್ತಿಲ್ಲ. ಆದರೆ ಇವೆರಡರಲ್ಲಿ ಒಂದು ಬೇಗ ಮಾತಾಡಲು ತೊಡಗುತ್ತದೆ, ಇನ್ನೊಂದು ನಿಮ್ಮ ಆಯುಷ್ಯದಲ್ಲಿ ಬಾಯಿ ಬಿಡದೇ ಹೋಗಬಹುದು. ನಿಮ್ಮದೇ ಅಂಕಿಗಳಿಂದ ಇದನ್ನು ತೋರಿಸುತ್ತೇನೆ.

ಮೊದಲು ಟೂರ್ನಿ. 200 ಜನರಲ್ಲಿ 30 ಜನರಿಗೆ ಬಹುಮಾನ, ಗೆದ್ದವರಿಗೆ ಒಟ್ಟು ಮೊತ್ತದ ಸುಮಾರು 22 ಪ್ರತಿಶತ ಎಂಬ ಸಾಮಾನ್ಯ ಹಂಚಿಕೆಯನ್ನು ಹಿಡಿದು ಲೆಕ್ಕ ಹಾಕಿದರೆ, ಒಂದು ಟೂರ್ನಿಯ ಫಲಿತಾಂಶದ ಮಾನಕ ವಿಚಲನೆ (ಫಲಿತಾಂಶ ಸರಾಸರಿಯಿಂದ ಎಷ್ಟು ಆಚೀಚೆ ಚದುರುತ್ತದೆಂಬ ಅಳತೆ) ಸುಮಾರು 600 ಡಾಲರ್ ಆಗುತ್ತದೆ. ನೀವು ಬಹಳ ಒಳ್ಳೆಯ ಆಟಗಾರರು, ಪ್ರತಿ ಟೂರ್ನಿಗೆ ಸರಾಸರಿ 30 ಡಾಲರ್, ಅಂದರೆ ಹಾಕಿದ್ದರ ಮೇಲೆ 20 ಪ್ರತಿಶತ ಗಳಿಸಬಲ್ಲವರು ಎಂದಿಟ್ಟುಕೊಳ್ಳೋಣ. ಇದು ಸಣ್ಣ ಮಾತಲ್ಲ. ಸರಾಸರಿ ಆಟಗಾರನಿಗೆ ಬಹುಮಾನದ ಮೊತ್ತದಿಂದ 120 ಡಾಲರ್ ಮರಳಿದರೆ ನಿಮಗೆ 180 ಮರಳಬೇಕು, ಎಂದರೆ ಎದುರಾಳಿಗಳಿಗಿಂತ ನೀವು ಒಂದೂವರೆ ಪಟ್ಟು ಸಮರ್ಥರಿರಬೇಕು. ಕಾರ್ಡ್ ರೂಮಿನವರು ತೆಗೆದುಕೊಳ್ಳುವ ಆ 30 ಡಾಲರ್ ಅಷ್ಟು ಭಾರವಾದುದು.

ಅಂಥ ಸಮರ್ಥರೇ ಆಗಿದ್ದರೂ ವರ್ಷಕ್ಕೆ 50 ಟೂರ್ನಿಗಳಿಂದ ನಿರೀಕ್ಷಿತ ಲಾಭ 1,500 ಡಾಲರ್, ಅದರ ಸುತ್ತಲಿನ ಏರಿಳಿತ 4,200 ಡಾಲರಿಗೂ ಹೆಚ್ಚು. ನಿರೀಕ್ಷಿತ ಲಾಭವು ಮಾನಕ ವಿಚಲನೆಯ ಎರಡು ಪಟ್ಟಾಗಿ, "ಇದು ಬರೀ ಅದೃಷ್ಟವಲ್ಲ" ಎಂದು ಒಂದಿಷ್ಟು ಭರವಸೆಯಿಂದ ಹೇಳಬೇಕಾದರೆ 1,600 ಟೂರ್ನಿಗಳು ಬೇಕು. ಶನಿವಾರಕ್ಕೊಂದರಂತೆ ಅದು 32 ವರ್ಷ.

ಈಗ ಕ್ಯಾಶ್. ನಿಮ್ಮ ಬ್ಲೈಂಡ್‌ಗಳ ಆಟದಲ್ಲಿ ಗಂಟೆಗೆ ಸುಮಾರು 30 ಹ್ಯಾಂಡ್‌ಗಳು (ಎಲೆ ಹಂಚುವುದರಿಂದ ಪಣ ಒಬ್ಬರಿಗೆ ಸೇರುವವರೆಗಿನ ಸುತ್ತುಗಳು) ನಡೆಯುತ್ತವೆ, ಗಂಟೆಯ ಮಾನಕ ವಿಚಲನೆಯನ್ನು 150 ಡಾಲರ್ ಎಂದು ಹಿಡಿಯಬಹುದು. ಒಳ್ಳೆಯ ಆಟಗಾರ ಗಂಟೆಗೆ 15 ಡಾಲರ್ ಗಳಿಸಿದರೆ ಅದೇ ಭರವಸೆಗೆ 400 ಗಂಟೆ ಸಾಕು. ವಾರಕ್ಕೆ ಆರು ಗಂಟೆಯಂತೆ ಹದಿನಾರು ತಿಂಗಳು. ಗಳಿಕೆ 10 ಡಾಲರ್ ಮಾತ್ರ ಆದರೆ 900 ಗಂಟೆ, ಮೂರು ವರ್ಷ. ನಿಮ್ಮ 60 ಗಂಟೆಗಳಲ್ಲಿ ಸಹಜ ಏರಿಳಿತವೇ 1,100 ಡಾಲರಿಗೂ ಹೆಚ್ಚಿರುವುದರಿಂದ ಆ 700 ಡಾಲರ್ ನಷ್ಟಕ್ಕೆ ಯಾವ ಅರ್ಥವನ್ನೂ ಹಚ್ಚಬೇಡಿ. ಅದೇ ರೀತಿ, ಆ ಮೂರನೆಯ ಸ್ಥಾನವೊಂದನ್ನು ತೆಗೆದುಬಿಟ್ಟರೆ ಟೂರ್ನಿಯಲ್ಲಿ ನೀವು 1,500 ಡಾಲರ್ ನಷ್ಟದಲ್ಲಿದ್ದೀರಿ.

ಹಣದ ವಿಷಯಕ್ಕೆ ಬಂದರೆ, 6,000 ಡಾಲರ್ ಎಂದರೆ 300 ಡಾಲರಿನ 20 ಕ್ಯಾಶ್ ಬೈ-ಇನ್‌ಗಳು (ಟೇಬಲ್ಲಿಗೆ ಕೂರುವಾಗ ಚಿಪ್ ಕೊಳ್ಳುವ ಮೊತ್ತ) ಅಥವಾ 40 ಟೂರ್ನಿಗಳು. ಇಪ್ಪತ್ತು ಬೈ-ಇನ್ ಹವ್ಯಾಸಿಗೆ ತಕ್ಕಷ್ಟಾಯಿತು. ನಲವತ್ತು ಟೂರ್ನಿ ಸಾಲದು. ಮೇಲೆ ಹೇಳಿದ ಒಂದೂವರೆ ಪಟ್ಟು ಸಮರ್ಥ ಆಟಗಾರ ಕೂಡ ಸತತ 40 ಟೂರ್ನಿಗಳಲ್ಲಿ ಮೊದಲ ಮೂರು ಸ್ಥಾನಗಳನ್ನು ಒಮ್ಮೆಯೂ ಮುಟ್ಟದಿರುವ ಸಂಭವ ಹತ್ತರಲ್ಲಿ ನಾಲ್ಕು.

ಆದರೆ ಕ್ಯಾಶ್ ಟೇಬಲ್ಲಿನಲ್ಲಿಯೂ ಒಂದು ಸೋರಿಕೆಯಿದೆ, ಅದನ್ನು ಗಮನಿಸಿ. ಕ್ಯಾಲಿಫೋರ್ನಿಯಾದ ಕಾನೂನು ಪಣದ ಮೊತ್ತದ ಪ್ರತಿಶತವನ್ನು ಶುಲ್ಕವಾಗಿ ತೆಗೆದುಕೊಳ್ಳಲು ಬಿಡುವುದಿಲ್ಲ. ಆದ್ದರಿಂದ ಇಲ್ಲಿ ಹ್ಯಾಂಡ್‌ಗೆ ಇಷ್ಟು ಎಂದು ನಿಗದಿತ ಡ್ರಾಪ್, ಎಂದರೆ ಕಾರ್ಡ್ ರೂಮಿನ ಶುಲ್ಕ ಇರುತ್ತದೆ. ಜಾಕ್‌ಪಾಟ್ ಸೇರಿ ಅದು 7 ಡಾಲರ್ ಆದರೆ, 30 ಹ್ಯಾಂಡ್‌ಗಳಿಗೆ 210 ಡಾಲರ್, ಒಂಬತ್ತು ಜನರ ಮೇಲೆ ಹಂಚಿದರೆ ತಲೆಗೆ ಗಂಟೆಗೆ 23 ಡಾಲರ್. ಸಣ್ಣ ಪಾಟಿಗೂ (ಒಂದು ಸುತ್ತಿನಲ್ಲಿ ಸೇರಿದ ಪಣದ ರಾಶಿಗೂ) ದೊಡ್ಡ ಪಾಟಿಗೂ ಒಂದೇ ಶುಲ್ಕವಾದ್ದರಿಂದ, ದುರ್ಬಲ ಕೈ (ಎಲೆಗಳು) ಹಿಡಿದು ಸಣ್ಣ ಸಣ್ಣ ಪಾಟುಗಳಿಗಾಗಿ ಸೆಣಸುವುದು ಇಲ್ಲಿ ಮಾಡಬಹುದಾದ ಅತ್ಯಂತ ದುಬಾರಿ ತಪ್ಪು. ಕಡಿಮೆ ಕೈಗಳನ್ನು ಆಡಿ, ಆಡಿದವನ್ನು ದೊಡ್ಡದಾಗಿ ಆಡಿ.

ಹಡ್ಸನ್ ದಂಡೆ (ನ್ಯೂಜೆರ್ಸಿ) ಅವರ ಉತ್ತರ:

ಎಣಿಕೆಗಾರ ಸರ್ ಅವರ ಲೆಕ್ಕವನ್ನು ನಾನು ಒಪ್ಪುತ್ತೇನೆ. ಆದರೂ ನನ್ನ ಸಲಹೆ ಟೂರ್ನಿಯ ಕಡೆಗೇ ವಾಲುತ್ತದೆ, ಅದಕ್ಕೆ ನನ್ನ ಸ್ವಂತ ಬದುಕೇ ಕಾರಣ.

ನಾನು ಮೂರು ವರ್ಷ ಅಟ್ಲಾಂಟಿಕ್ ಸಿಟಿಯಲ್ಲಿ ಕ್ಯಾಶ್ ಆಡಿದೆ. ನಿಯಮಗಳು ಗೊತ್ತಿದ್ದವು, ಸಂಭವನೀಯತೆಯ ಲೆಕ್ಕವೂ ಗೊತ್ತಿತ್ತು, ಗೊತ್ತಿಲ್ಲದಿದ್ದುದು ಎದ್ದು ಹೋಗುವುದು. ಮೊದಲ 300 ಡಾಲರ್ ಹೋದ ಮೇಲೆ ಇನ್ನೊಂದು 300, ಆಮೇಲೆ ಎಟಿಎಂ. ಮಧ್ಯಾಹ್ನ ಮೂರಕ್ಕೆ ಮನೆಗೆ ಹೊರಡುತ್ತೇನೆ ಎಂದು ಹೇಳಿದವನು ರಾತ್ರಿ ಎರಡಕ್ಕೆ ಕಾರು ಓಡಿಸಿಕೊಂಡು ಬಂದ ದಿನಗಳಿವೆ. ಕ್ಯಾಶ್ ಟೇಬಲ್ಲಿನಲ್ಲಿ ಯಾವಾಗ ಬೇಕಾದರೂ ಎದ್ದು ಹೋಗಬಹುದು ಎಂದು ಎಲ್ಲರೂ ಹೊಗಳುತ್ತಾರೆ. ಸೋತು ಮನಸ್ಸು ಕದಡಿದವನ ಪಾಲಿಗೆ ಆ ಸ್ವಾತಂತ್ರ್ಯವು ಎಷ್ಟು ಹೊತ್ತು ಬೇಕಾದರೂ ಕೂತಿರುವ ಸ್ವಾತಂತ್ರ್ಯವಾಗಿ ತಿರುಗುತ್ತದೆ. ಅಲ್ಲಿ ಆಟ ಮುಗಿಯುವುದೇ ಇಲ್ಲ, ಮುಗಿಸಬೇಕಾದವರು ನಾವೇ.

ಟೂರ್ನಿಯಲ್ಲಿ ಹೋಗುವುದು ಪ್ರವೇಶ ಶುಲ್ಕ ಮಾತ್ರ. ಚಿಪ್ ಮುಗಿದರೆ ಕುರ್ಚಿ ಬಿಡಲೇಬೇಕು. ಈಗೀಗ ಬಹುತೇಕ ಟೂರ್ನಿಗಳಲ್ಲಿ ಮರುಪ್ರವೇಶಕ್ಕೆ ಅವಕಾಶವಿರುವುದರಿಂದ ಈ ರಕ್ಷಣೆಯೂ ಸಡಿಲವಾಗಿದೆ. ಅದಕ್ಕಾಗಿ ನಾನು ಒಂದು ಟೂರ್ನಿಗೆ ಒಂದೇ ಪ್ರವೇಶ ಎಂದು ವ್ರತದಂತೆ ಪಾಲಿಸುತ್ತೇನೆ. ನಾಲ್ಕು ವರ್ಷಗಳಿಂದ ಮುರಿದಿಲ್ಲ.

ಇನ್ನು 32 ವರ್ಷಗಳ ಮಾತು. ನ್ಯೂಜೆರ್ಸಿಯಲ್ಲಿ 2013ರ ನವೆಂಬರ್‌ನಿಂದ ಆನ್‌ಲೈನ್ ಪೋಕರ್ ಕಾನೂನುಬದ್ಧವಾಗಿದೆ, ನೆವಾಡಾ, ಮಿಷಿಗನ್ ಮುಂತಾದ ರಾಜ್ಯಗಳ ಆಟಗಾರರೂ ನಮ್ಮೊಡನೆ ಒಂದೇ ಟೂರ್ನಿಯಲ್ಲಿ ಕೂರಲು ಸಾಧ್ಯವಾಗಿದೆ. ಹತ್ತು ಡಾಲರಿನ ಟೂರ್ನಿಗಳನ್ನು ವಾರಕ್ಕೆ ಎರಡು ಸಂಜೆ, ಒಮ್ಮೆಗೆ ನಾಲ್ಕು ಕಿಟಕಿ ತೆರೆದು, ಒಂದು ಮುಗಿದಂತೆ ಇನ್ನೊಂದಕ್ಕೆ ಸೇರುತ್ತ ಆಡಿದರೆ ವರ್ಷಕ್ಕೆ ಎಂಟುನೂರು ದಾಟುತ್ತವೆ, ಶುಲ್ಕವೂ ಸ್ಥಳೀಯ ಟೂರ್ನಿಗಳಷ್ಟು ಭಾರವಲ್ಲ. ಸರ್ ಹೇಳಿದ 1,600 ನನಗೆ ಎರಡು ವರ್ಷದಲ್ಲಿ ಮುಗಿಯುತ್ತದೆ. ನಿಮ್ಮ ಕ್ಯಾಲಿಫೋರ್ನಿಯಾದಲ್ಲಿ ಆ ಕಾನೂನು ಇಲ್ಲದಿರುವುದೇ ನಿಮ್ಮ ಪ್ರಶ್ನೆಯನ್ನು ಕಠಿಣಗೊಳಿಸಿದೆ.

ಆದ್ದರಿಂದ ನಾನು ಕೇಳುವುದು ಒಂದೇ: ಆ 60 ಗಂಟೆಗಳಲ್ಲಿ, ಸೋತ ದಿನಗಳಂದು ನೀವು ಎಷ್ಟು ಹೊತ್ತು ಕೂತಿರಿ, ಗೆದ್ದ ದಿನಗಳಂದು ಎಷ್ಟು ಹೊತ್ತು? ಸೋತ ದಿನಗಳೇ ಉದ್ದವಾಗಿದ್ದರೆ ಕ್ಯಾಶ್ ಟೇಬಲ್ಲಿಗೆ ಹೋಗುವ ಮುನ್ನ ಇನ್ನೊಮ್ಮೆ ಯೋಚಿಸಿ.

ನಾಲ್ಕನೆಯ ಎಲೆ (ಲಾಸ್ ವೇಗಸ್) ಅವರ ಉತ್ತರ:

ಇಬ್ಬರೂ ಹಣ ಮತ್ತು ಮನಸ್ಸಿನ ಬಗ್ಗೆ ಬರೆದಿದ್ದಾರೆ. ಆಟದ ಒಳಗಿನ ವ್ಯತ್ಯಾಸವನ್ನು ನಾನು ಸ್ವಲ್ಪ ಹೇಳುತ್ತೇನೆ, ಏಕೆಂದರೆ ಕಲಿಯಬೇಕೆಂಬುದು ನಿಮ್ಮ ಮುಖ್ಯ ಆಸೆ.

ಎಲೆಗಳೂ ನಿಯಮಗಳೂ ಒಂದೇ ಆದರೂ ಇವು ಎರಡು ಬೇರೆ ಆಟಗಳು. ಕ್ಯಾಶ್ ಟೇಬಲ್ಲಿನಲ್ಲಿ ಒಂದು ಡಾಲರ್ ಚಿಪ್ಪಿನ ಬೆಲೆ ಯಾವಾಗಲೂ ಒಂದು ಡಾಲರ್, ಬ್ಲೈಂಡ್‌ಗಳು ಏರುವುದಿಲ್ಲ, ಮುಂದಿರುವ ಸ್ಟಾಕ್ (ಚಿಪ್ಪುಗಳ ರಾಶಿ) ಬಹುತೇಕ 100 ಬಿಗ್ ಬ್ಲೈಂಡ್‌ಗಳಷ್ಟು (ಎರಡು ಬ್ಲೈಂಡ್‌ಗಳಲ್ಲಿ ದೊಡ್ಡದರ ನೂರು ಪಟ್ಟು) ಆಳವಾಗಿರುತ್ತದೆ. ಹೀಗಾಗಿ ಫ್ಲಾಪ್ (ಮೇಜಿನ ಮೊದಲ ಮೂರು ಎಲೆ), ಟರ್ನ್ (ನಾಲ್ಕನೆಯದು), ರಿವರ್ (ಐದನೆಯದು) ಮೂರೂ ಹಂತಗಳಲ್ಲಿ ಪಣ ಕಟ್ಟಲು ಹಣ ಉಳಿದಿರುತ್ತದೆ, ಅತಿ ಕಠಿಣವಾದ ನಿರ್ಧಾರಗಳು ಕೊನೆಯ ಎರಡು ಎಲೆಗಳಲ್ಲಿ ಎದುರಾಗುತ್ತವೆ. ಟೂರ್ನಿಯಲ್ಲಿ ಬ್ಲೈಂಡ್‌ಗಳು ಪ್ರತಿ ಇಪ್ಪತ್ತು ಮೂವತ್ತು ನಿಮಿಷಕ್ಕೆ ಏರುತ್ತವೆ. ಮೊದಲೆರಡು ಗಂಟೆ ಕಳೆದ ಮೇಲೆ ಹೆಚ್ಚಿನವರ ಬಳಿ 20 ರಿಂದ 30 ಬಿಗ್ ಬ್ಲೈಂಡ್, ಕೆಲವರ ಬಳಿ ಹತ್ತು ಮಾತ್ರ. ಆಗ ಉಳಿಯುವ ಪ್ರಶ್ನೆ, ಎರಡೆಲೆ ನೋಡಿ ಎಲ್ಲ ಚಿಪ್ಪನ್ನು ಮುಂದೆ ತಳ್ಳುವುದೋ ಮಡಚುವುದೋ (ಆ ಸುತ್ತನ್ನು ಬಿಟ್ಟುಕೊಡುವುದೋ) ಎಂಬುದು. ಅದೂ ಒಂದು ವಿದ್ಯೆಯೇ, ಕೀಳಲ್ಲ. ಆದರೆ ಅದನ್ನು ಕೋಷ್ಟಕ ನೋಡಿ ಒಂದು ತಿಂಗಳಲ್ಲಿ ಕಲಿಯಬಹುದು. ರಿವರ್‌ನಲ್ಲಿ ಎದುರಾಳಿ ಪಾಟಿನಷ್ಟೇ ಪಣ ಕಟ್ಟಿದಾಗ ಏನು ಮಾಡಬೇಕೆಂಬುದನ್ನು ಹಾಗೆ ಕಲಿಯಲಾಗದು.

ಟೂರ್ನಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ, ಬಹುಪಾಲು ಹವ್ಯಾಸಿಗಳು ಸೋಲುವುದು ಅಲ್ಲಿಯೇ. ನಾಲ್ಕು ಜನ ಉಳಿದಿದ್ದಾರೆ, ಎಲ್ಲರ ಬಳಿಯೂ ಸಮಾನ ಚಿಪ್, ಬಹುಮಾನ ಮೂವರಿಗೆ ಮಾತ್ರ: 50, 30, 20 ಪ್ರತಿಶತ ಎಂದುಕೊಳ್ಳಿ. ಈಗ ಪ್ರತಿಯೊಬ್ಬರ ಪಾಲಿನ ಬೆಲೆ 25. ನೀವು ಒಬ್ಬನನ್ನು ಹೊರಗಟ್ಟಿ ಚಿಪ್ಪನ್ನು ಇಮ್ಮಡಿ ಮಾಡಿಕೊಂಡರೆ ನಿಮ್ಮ ಪಾಲು 50 ಆಗುವುದಿಲ್ಲ. ಮೊದಲ ಸ್ಥಾನದ ಸಂಭವ ಅರ್ಧ, ಎರಡನೆಯದು ಮೂರನೆಯ ಒಂದು, ಮೂರನೆಯದು ಆರನೆಯ ಒಂದು ಎಂದು ಹಾಕಿದರೆ ಅದು 38.3 ಮಾತ್ರ. ಗೆದ್ದರೆ 13 ಅಂಶ ಬರುತ್ತದೆ, ಸೋತರೆ 25 ಹೋಗುತ್ತದೆ. ಆದ್ದರಿಂದ ಆಲ್-ಇನ್‌ಗೆ (ಎದುರಾಳಿ ಎಲ್ಲ ಚಿಪ್ಪನ್ನು ಪಣಕ್ಕಿಟ್ಟಾಗ) ಅಷ್ಟೇ ಪಣ ಕಟ್ಟಿ ಉತ್ತರ ಕೊಡಲು ಗೆಲ್ಲುವ ಸಂಭವ 65 ಪ್ರತಿಶತ ದಾಟಿರಬೇಕು. ಎದುರಾಳಿಯ ಕೈಯಲ್ಲಿ ಎಕ್ಕ ಮತ್ತು ರಾಜ ಇರುವುದು ನಿಮಗೆ ಕಣ್ಣಾರೆ ಕಂಡಿದ್ದರೂ, ನಿಮ್ಮ ಕೈಯ ಜೋಡಿ ರಾಣಿಗಳು ಗೆಲ್ಲುವುದು ನೂರಕ್ಕೆ ಸುಮಾರು 57 ಸಲ ಮಾತ್ರವಾದ್ದರಿಂದ ಅವನ್ನು ಮಡಚಬೇಕು. ಅದೇ ಕೈಯನ್ನು ಕ್ಯಾಶ್ ಟೇಬಲ್ಲಿನಲ್ಲಿ ಮಡಚುವುದು ದೊಡ್ಡ ತಪ್ಪು. ಈ ಲೆಕ್ಕವನ್ನು ನಾವು ಐಸಿಎಂ (ಇಂಡಿಪೆಂಡೆಂಟ್ ಚಿಪ್ ಮಾಡೆಲ್) ಎನ್ನುತ್ತೇವೆ. ಒಂದು ಶನಿವಾರ ಇದನ್ನು, ಇನ್ನೊಂದು ಶನಿವಾರ ಅದನ್ನು ಆಡುವವನಿಗೆ ಎರಡೂ ಅಭ್ಯಾಸಗಳು ಕಲಸಿಹೋಗುತ್ತವೆ. ನನಗೆ ಹಾಗೆಯೇ ಆಗಿತ್ತು: ಕ್ಯಾಶ್‌ನಲ್ಲಿ ಅಂಜುಬುರುಕನಾಗಿ, ಟೂರ್ನಿಯ ಬಬಲ್‌ನಲ್ಲಿ (ಬಹುಮಾನದ ಸ್ಥಾನಗಳಿಗೆ ಸ್ವಲ್ಪ ಮುಂಚಿನ ಘಟ್ಟದಲ್ಲಿ) ದುಡುಕನಾಗಿ ಎರಡು ವರ್ಷ ಕಳೆದೆ.

ಜನರ ಕಣ್ಣಿಗೆ ಟೂರ್ನಿಯೇ ಬೀಳುವುದಕ್ಕೆ ಚರಿತ್ರೆಯಲ್ಲಿ ಕಾರಣವಿದೆ. ಕ್ಯಾಸಿನೊ ಮಾಲೀಕ ಬೆನ್ನಿ ಬಿನಿಯನ್ ಅವರು 1970ರಲ್ಲಿ ನಮ್ಮ ಊರಿನಲ್ಲಿ ವರ್ಲ್ಡ್ ಸೀರೀಸ್ ಆಫ್ ಪೋಕರ್ ಸ್ಪರ್ಧೆಯನ್ನು ಆರಂಭಿಸಿದಾಗ ಅಲ್ಲಿ ನಡೆದದ್ದು ಕ್ಯಾಶ್ ಆಟವೇ, ಜಾನಿ ಮಾಸ್ ಅವರನ್ನು ಆಟಗಾರರು ಮತ ಹಾಕಿ ವಿಜೇತರೆಂದು ಆರಿಸಿದರು. ಮರುವರ್ಷವೇ ಕೊನೆಯವರೆಗೆ ಉಳಿದವರು ಗೆಲ್ಲುವ ಪದ್ಧತಿ ಬಂತು. 2003ರಲ್ಲಿ ಆನ್‌ಲೈನ್ ಅರ್ಹತಾ ಟೂರ್ನಿಯಿಂದ ಬಂದ ಅಕೌಂಟೆಂಟ್ ಕ್ರಿಸ್ ಮನಿಮೇಕರ್ ಅದರ ಮುಖ್ಯ ಟೂರ್ನಿಯಲ್ಲಿ 839 ಜನರ ನಡುವೆ ಗೆದ್ದು 25 ಲಕ್ಷ ಡಾಲರ್ ಪಡೆದರು. ಇಪ್ಪತ್ತೊಂದು ವರ್ಷಗಳ ನಂತರ ಅದೇ 10,000 ಡಾಲರಿನ ಪ್ರವೇಶಕ್ಕೆ 10,112 ನೋಂದಣಿಗಳಾದವು. ಆ ಆಸೆ ಸುಳ್ಳಲ್ಲ, ನಾನೂ ಅದರ ಬೆನ್ನು ಹತ್ತಿದವನೇ. ಆದರೆ ಅಲ್ಲಿ ಕೊನೆಯ ಮೇಜಿಗೆ ಬರುವವರಲ್ಲಿ ಅನೇಕರು ಆಳವಾದ ಸ್ಟಾಕ್‌ಗಳ ಆಟವನ್ನು ಕ್ಯಾಶ್ ಟೇಬಲ್ಲಿನಲ್ಲಿಯೇ ಕಲಿತವರು. ಕ್ಯಾಶ್‌ನಿಂದ ಟೂರ್ನಿಗೆ ಬರುವ ದಾರಿ ಸುಲಭ, ತಿರುಗಿ ಹೋಗುವುದು ಕಷ್ಟ. ಹಾಗಾಗಿ ಮೊದಲು ಕ್ಯಾಶ್ ಆಡಿ.

ಜಯನಗರದವನು (ಬೆಂಗಳೂರು) ಅವರ ಉತ್ತರ:

ಹಡ್ಸನ್ ದಂಡೆಯವರು ಹೇಳಿದ ಸೌಕರ್ಯ ನಮಗೂ ಕೆಲವು ವರ್ಷ ಇತ್ತು. ಕರ್ನಾಟಕ ಸರ್ಕಾರ 2021ರಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಪೊಲೀಸ್ ಕಾಯಿದೆಗೆ ತಂದ ತಿದ್ದುಪಡಿಯನ್ನು ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದುಪಡಿಸಿದ ಮೇಲೆ ನಾನು ಆನ್‌ಲೈನ್‌ನಲ್ಲಿ ಸಣ್ಣ ಟೂರ್ನಿಗಳನ್ನೇ ಸಾವಿರಕ್ಕೂ ಹೆಚ್ಚು ಆಡಿದೆ. ಮೊದಲ ಇನ್ನೂರರಲ್ಲಿ ಭಾರಿ ಲಾಭದಲ್ಲಿದ್ದೆ, ನಾನು ಹುಟ್ಟು ಟೂರ್ನಿ ಆಟಗಾರ ಎಂದೇ ನಂಬಿದ್ದೆ. ಸಾವಿರ ಮುಗಿಯುವ ಹೊತ್ತಿಗೆ ನಷ್ಟದಲ್ಲಿದ್ದೆ. ಆ ಮೊದಲ ಇನ್ನೂರು ನನ್ನನ್ನು ದಾರಿ ತಪ್ಪಿಸಿದವು ಎಂಬುದು ಉಳಿದ ಎಂಟುನೂರನ್ನು ಆಡಿದ್ದರಿಂದ ಮಾತ್ರ ತಿಳಿಯಿತು.

2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಕಾಯಿದೆಯು ಕೌಶಲವೋ ಅದೃಷ್ಟವೋ ಎಂಬ ಭೇದವಿಲ್ಲದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳೆಲ್ಲವನ್ನೂ ನಿಷೇಧಿಸಿದ ಮೇಲೆ ಆ ದಾರಿ ಮುಚ್ಚಿತು. ಈಗ ವರ್ಷಕ್ಕೆ ಒಂದೆರಡು ಬಾರಿ ಪಣಜಿಗೆ ಹೋಗಿ ಮಾಂಡೋವಿಯ ಮೇಲಿನ ಕ್ಯಾಸಿನೊ ಹಡಗಿನಲ್ಲಿ ಒಂದು ಟೂರ್ನಿ ಆಡಿ ಬರುತ್ತೇನೆ. ಕಲಿಯಲು ಹೋಗುವುದಲ್ಲ, ಬಸ್ಸು, ವಸತಿ, ಪ್ರವೇಶ ಶುಲ್ಕ ಸೇರಿ ಇಷ್ಟೇ ಖರ್ಚು ಎಂದು ಹೊರಡುವ ಮೊದಲೇ ಗೊತ್ತಿರುತ್ತದೆಂಬ ನೆಮ್ಮದಿಗಾಗಿ. ನನ್ನಂತೆ ವಿರಳವಾಗಿ ಆಡುವವನಿಗೆ ಟೂರ್ನಿ ಸರಿ. ವಾರ ವಾರವೂ ಟೇಬಲ್ ಸಿಗುವ ನಿಮಗೆ ಅದೇ ಉತ್ತರ ಸರಿಯಾಗಲಾರದು.

ತುಂಗಾತೀರ:

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ಹಡ್ಸನ್ ದಂಡೆಯವರ ಪ್ರಶ್ನೆಗೆ ಉತ್ತರ ಹುಡುಕಲು ಫೋನಿನಲ್ಲಿ ಬರೆದಿಟ್ಟ ಸಮಯಗಳನ್ನು ನೋಡಿದೆ. ಗೆದ್ದ ದಿನಗಳು ಸರಾಸರಿ ನಾಲ್ಕು ಗಂಟೆ, ಸೋತ ದಿನಗಳು ಆರೂವರೆ. ಇದು ನನಗೆ ತಿಳಿದೇ ಇರಲಿಲ್ಲ. ಇನ್ನೊಂದು ಸಂದೇಹವಿದೆ: ತೆರಿಗೆಯ ದೃಷ್ಟಿಯಿಂದ ಎರಡರಲ್ಲಿ ಏನಾದರೂ ವ್ಯತ್ಯಾಸವಿದೆಯೇ?

ನಾಲ್ಕನೆಯ ಎಲೆ:

ಇದೆ, ಮತ್ತು ಹವ್ಯಾಸಿಗಳು ಇದನ್ನು ತಡವಾಗಿ ಅರಿಯುತ್ತಾರೆ. ಅಮೆರಿಕದಲ್ಲಿ ಹವ್ಯಾಸಿಯು ಗೆಲುವನ್ನು ಆದಾಯವಾಗಿ ತೋರಿಸಬೇಕು, ಸೋಲನ್ನು ಕಳೆಯಬೇಕಾದರೆ ಸ್ಟ್ಯಾಂಡರ್ಡ್ ಡಿಡಕ್ಷನ್ (ಖರ್ಚಿನ ವಿವರ ಕೊಡದೆ ಸಿಗುವ ನಿಗದಿತ ಕಡಿತ) ಬಿಟ್ಟು ಖರ್ಚುಗಳನ್ನು ಒಂದೊಂದಾಗಿ ತೋರಿಸುವ ವಿಧಾನವನ್ನು ಆರಿಸಬೇಕು. ನಿಮ್ಮ ಟೂರ್ನಿಗಳನ್ನೇ ನೋಡಿ. ಗೆದ್ದ ಮೂರರಲ್ಲಿ ಶುಲ್ಕ ಕಳೆದು ಗೆಲುವು 2,550 ಡಾಲರ್, ಸೋತ ಹನ್ನೊಂದರಲ್ಲಿ ನಷ್ಟ 1,650. ಕೈಗೆ ಬಂದದ್ದು 900 ಆದರೂ, ಸ್ಟ್ಯಾಂಡರ್ಡ್ ಡಿಡಕ್ಷನ್ ಪಡೆಯುವವರಾದರೆ ತೆರಿಗೆ ಬೀಳುವುದು 2,550ರ ಮೇಲೆ. ಒಂದೊಂದಾಗಿ ತೋರಿಸುವವರಿಗೂ, 2025ರ ಜುಲೈನಲ್ಲಿ ಸಹಿಯಾದ ಕಾಯಿದೆಯ ಪ್ರಕಾರ 2026ರಿಂದ ಸೋಲಿನ 90 ಪ್ರತಿಶತವನ್ನು ಮಾತ್ರ ಕಳೆಯಲು ಅವಕಾಶ. ಕ್ಯಾಶ್‌ನಲ್ಲಿ ಕೂತಾಗಿನಿಂದ ಏಳುವವರೆಗಿನ ಆಟವನ್ನು ಒಂದು ಘಟಕವೆಂದು ಲೆಕ್ಕ ಹಾಕುವ ರೂಢಿಯಿರುವುದರಿಂದ ಆ ಹೊತ್ತಿನೊಳಗಿನ ಏರಿಳಿತಗಳು ಅಲ್ಲಿಯೇ ವಜಾ ಆಗುತ್ತವೆ. ಸೋಲುಗಳೇ ಹೆಚ್ಚಾಗಿ, ಗೆಲುವು ಒಂದೆರಡರಲ್ಲಿ ಗುಡ್ಡೆ ಬೀಳುವ ಟೂರ್ನಿಯವರಿಗೆ ಈ ನಿಯಮ ಹೆಚ್ಚು ನೋಯಿಸುತ್ತದೆ. ದಿನಾಂಕ, ಸ್ಥಳ, ಸಮಯ, ಮೊತ್ತ ಎಲ್ಲವನ್ನೂ ಬರೆದಿಡಿ, ತೆರಿಗೆ ಸಲಹೆಗಾರರೊಬ್ಬರಿಗೆ ತೋರಿಸಿ.

ತುಂಗಾತೀರ:

ನಿರ್ಧಾರ ಮಾಡಿದ್ದೇನೆ. ಮುಂದಿನ ಶನಿವಾರದಿಂದ ಕ್ಯಾಶ್. ಆದರೆ ಹಡ್ಸನ್ ದಂಡೆಯವರ ವ್ರತವನ್ನೂ ಇಲ್ಲಿಗೆ ತರುತ್ತೇನೆ: ಜೇಬಿನಲ್ಲಿ ಎರಡು ಬೈ-ಇನ್ ಮಾತ್ರ, ಬ್ಯಾಂಕ್ ಕಾರ್ಡು ಮನೆಯಲ್ಲಿ, ಮತ್ತು ಸೋತರೂ ಗೆದ್ದರೂ ಸಂಜೆ ಐದು ಗಂಟೆಗೆ ಎದ್ದು ಬರುವುದು. ಮಗಳ ಭರತನಾಟ್ಯ ತರಗತಿ ಐದೂವರೆಗೆ ಮುಗಿಯುತ್ತದೆ, ಅವಳನ್ನು ಕರೆತರುವ ಹೊಣೆ ಇನ್ನು ನನ್ನದೇ ಎಂದು ಮನೆಯಲ್ಲಿ ಹೇಳಿಬಿಟ್ಟಿದ್ದೇನೆ. ಟೂರ್ನಿ ಮೂರು ತಿಂಗಳಿಗೊಂದು, ಅದರ ಹಣ ಬೇರೆ. ಹಳೆಯದನ್ನು ಮರೆತು ಕ್ಯಾಶ್‌ನ 400 ಗಂಟೆಗಳನ್ನು ಸೊನ್ನೆಯಿಂದ ಎಣಿಸಲೇ?

ಎಣಿಕೆಗಾರ:

ಬೇಡ. ಸೋತ ಗಂಟೆಗಳನ್ನು ಬಿಟ್ಟು ಎಣಿಕೆ ಶುರು ಮಾಡಿದರೆ ಲೆಕ್ಕ ಮೊದಲ ದಿನವೇ ನಿಮ್ಮ ಕಡೆಗೆ ವಾಲಿಬಿಡುತ್ತದೆ. ಆ 60 ಗಂಟೆಗಳನ್ನೂ 700 ಡಾಲರನ್ನೂ ಮೊದಲ ಸಾಲಿನಲ್ಲಿ ಬರೆಯಿರಿ. ಉಳಿದಿರುವುದು 340 ಗಂಟೆ.